ಬೇನೆಗಿಂತ ಮುಂಚೆ ಬರುವ ಅಂಜಿಕೆ: ಸಂತ ರೋಕ್‌ರವರ ಹಬ್ಬದ ನಿಮಿತ್ತ



ಆಗಸ್ಟ್ 16 ಸಂತ ರೋಕ್‌ರವರ ಹಬ್ಬ. ಗೋವಾ ಮತ್ತು ಕರಾವಳಿಯಿಂದ ಬಂದು ನೆಲೆಸಿದ ಕುಟುಂಬಗಳಿಗೆ ಈ ಹೆಸರು ಚಿರಪರಿಚಿತ. ನಮ್ಮ ಬಯಲುಸೀಮೆಯ ಮನೆಗಳಲ್ಲಿ ಅಷ್ಟು ಬಳಕೆಯಿಲ್ಲ. ಚಿತ್ರಪಟಗಳಲ್ಲಿ ಅವರು ಯಾತ್ರಿಕರ ಉಡುಪು ತೊಟ್ಟು, ತೊಡೆಯ ಮೇಲಿನ ಹುಣ್ಣನ್ನು ತೋರಿಸುತ್ತ ನಿಂತಿರುತ್ತಾರೆ. ಪಕ್ಕದಲ್ಲಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ಒಂದು ನಾಯಿ. ಫ್ರಾನ್ಸಿನ ಮೊಂಪೆಲಿಯೆ ಊರಿನ ಈ ಸಂತರು ಇಟಲಿಯಲ್ಲಿ ಪ್ಲೇಗಿನ ರೋಗಿಗಳ ಸೇವೆಯಲ್ಲಿದ್ದಾಗ ತಮಗೇ ರೋಗ ತಗಲಿತಂತೆ. ಯಾರಿಗೂ ಹೊರೆಯಾಗಬಾರದೆಂದು ಕಾಡು ಸೇರಿದರಂತೆ. ಅಲ್ಲಿಗೆ ಒಂದು ನಾಯಿ ತನ್ನ ಯಜಮಾನನ ಮನೆಯಿಂದ ದಿನವೂ ರೊಟ್ಟಿ ತಂದುಕೊಟ್ಟಿತಂತೆ. ಈ ಕಥೆಯ ವಿವರಗಳನ್ನೆಲ್ಲ ಚರಿತ್ರೆಕಾರರು ಒಪ್ಪುವುದಿಲ್ಲ. ನಾವು ಆ ವಾದಕ್ಕೆ ಇಳಿಯುವುದಿಲ್ಲ. ಆದರೆ ಚಿತ್ರಕಾರರು ಶತಮಾನಗಳ ಕಾಲ ಬಿಡದೆ ಬಿಡಿಸಿದ್ದು ಏನನ್ನು? ರೋಗ ವಾಸಿಯಾದ ಗಳಿಗೆಗಿಂತ ಹೆಚ್ಚಾಗಿ ಆ ರೊಟ್ಟಿಯನ್ನು, ಆ ನಾಯಿಯನ್ನು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಗಡಿ ತಾಲೂಕುಗಳ ಕಡೆ ದೃಷ್ಟಿ ಹೊರಳಿಸೋಣ. ಅಂಟುರೋಗಗಳು ಇಲ್ಲಿಗೆ ಮತ್ತೆ ಮತ್ತೆ ಬಂದಿವೆ. ಸತ್ತವರ ಲೆಕ್ಕ ಸರ್ಕಾರದ ಕಡತಗಳಲ್ಲಿದೆ. ಬದುಕುಳಿದವರು ರಾತ್ರಿ ನಿದ್ದೆಯಿಲ್ಲದೆ ಏನನ್ನು ಎಣಿಸುತ್ತ ಮಲಗಿದ್ದರು ಎಂಬುದರ ಲೆಕ್ಕ ಯಾವ ಕಡತದಲ್ಲೂ ಇಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಒಂದು ವಿಚಿತ್ರ ಜ್ವರ ಕಾಣಿಸಿಕೊಂಡಿತು. ಅದು ಪ್ಲೇಗು ಎಂದು ಗುರುತಿಸಿದವರು ಗೋವಾ ಮೂಲದ ಕಥೋಲಿಕ ವೈದ್ಯರಾದ ಡಾ. ಅಕಾಸಿಯೊ ಗಾಬ್ರಿಯೆಲ್ ವಿಯೆಗಸ್. ಕೆಲವೇ ತಿಂಗಳಲ್ಲಿ ಮುಂಬಯಿಯ ಅರ್ಧದಷ್ಟು ಜನ ಊರು ಬಿಟ್ಟರು. ಹೀಗೆ ಹೊರಟವರು ಎಲ್ಲಿಗೆ ಹೋದಾರು? ತಮ್ಮ ತಮ್ಮ ಹಳ್ಳಿಗಳಿಗೆ. ಆಗಷ್ಟೇ ಕೆಲವು ವರ್ಷಗಳ ಹಿಂದೆ ಹಾಕಿದ್ದ ಸದರ್ನ್ ಮರಾಠಾ ರೈಲು ಮಾರ್ಗ ಮಿರಜದಿಂದ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ಹಾದು ಬೆಳಗಾವಿಗೆ ಬರುತ್ತಿತ್ತು. ಮರುವರ್ಷವೇ ಬೆಳಗಾವಿ ಜಿಲ್ಲೆಗೂ ಪ್ಲೇಗು ಕಾಲಿಟ್ಟಿತು. 1891ರ ಜನಗಣತಿಯಲ್ಲಿ 10 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1901ರಲ್ಲಿ 10 ಲಕ್ಷದ ಕೆಳಗಿಳಿಯಿತು.

ಅಂದಿನ ನಕ್ಷೆಯನ್ನೂ ಸ್ವಲ್ಪ ನೆನಪಿಸಿಕೊಳ್ಳಬೇಕು. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ರಾಯಬಾಗ ಕೊಲ್ಹಾಪುರದ ಶಾಹೂ ಮಹಾರಾಜರದು. ನಡುನಡುವೆ ಸಾಂಗಲಿ, ಮಿರಜ, ಕುರುಂದವಾಡದ ಪಟವರ್ಧನರ ಊರುಗಳು. ಒಂದು ಹೊಲದ ಬದು ದಾಟಿದರೆ ರಾಜ್ಯವೇ ಬೇರೆ. ಗಡಿಯ ಜನಕ್ಕೆ ಸೋಂಕಿನ ಕಾಲದಲ್ಲಿ ಯಾವ ಸರ್ಕಾರದ ಮಾತು ಕೇಳಬೇಕು ಎಂಬ ಗೊಂದಲ ಹೊಸದಲ್ಲ.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಯಾರ ಮನೆಯನ್ನಾದರೂ ಹೊಕ್ಕು ಶೋಧಿಸುವ, ರೋಗಿಯನ್ನು ಎತ್ತಿಕೊಂಡು ಹೋಗುವ, ಮನೆಯವರನ್ನು ಬೇರೆ ಶಿಬಿರಕ್ಕೆ ಸಾಗಿಸುವ, ಸಾಮಾನು ಸುಡುವ ಅಧಿಕಾರ ಅಧಿಕಾರಿಗಳಿಗೆ ದೊರೆಯಿತು. ಸೋಂಕು ತಗಲಿದ ಮನೆಗಳ ಮೇಲೆ ಬಣ್ಣದ ಗುರುತು ಹಾಕಿದರು. ಈಜಿಪ್ಟಿನಲ್ಲಿ ಇಸ್ರಯೇಲರ ಬಾಗಿಲಿನ ಗುರುತು ಮನೆಯನ್ನು ಕಾಯಲೆಂದು ಹಾಕಿದ್ದು. ಈ ಗುರುತು ನೆರೆಯವರನ್ನು ಓಡಿಸಲೆಂದು! ಪುಣೆಯಲ್ಲಿ ಸೈನಿಕರು ಅಡುಗೆಮನೆ, ದೇವರ ಕೋಣೆಗಳಿಗೂ ನುಗ್ಗಿ, ಹೆಣ್ಣುಮಕ್ಕಳನ್ನೂ ಬಿಡದೆ ತಪಾಸಣೆ ಮಾಡಿದ್ದರಿಂದ ಜನ ರೊಚ್ಚಿಗೆದ್ದರು. ಆ ಕಾರ್ಯಾಚರಣೆಯ ಮುಖ್ಯಸ್ಥನಾಗಿದ್ದ ರ್‍ಯಾಂಡ್ ಎಂಬ ಅಧಿಕಾರಿಗೆ 1897ರ ಜೂನ್ 22ರಂದು ಚಾಪೇಕರ ಸಹೋದರರು ಗುಂಡಿಕ್ಕಿದರು. ಅದೇ ಪುಣೆಯಲ್ಲಿ ಅದೇ ವರ್ಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆಯವರು, ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ರೋಗ ತಗಲಿ ತೀರಿಕೊಂಡರು. ನಮ್ಮ ಮಕ್ಕಳು ಈ ಎರಡನೆಯ ಹೆಸರನ್ನೂ ಮರೆಯದೆ ಕಲಿಯಲಿ.

ಜನ ರೋಗಿಗಳನ್ನು ಬಚ್ಚಿಟ್ಟರು. ಅಟ್ಟದ ಮೇಲೆ, ಕಣಜದ ಹಿಂದೆ. ಸತ್ತವರನ್ನು ರಾತ್ರೋರಾತ್ರಿ ಮಣ್ಣು ಮಾಡಿದರು. ಅಧಿಕಾರಿಗಳು ಇದನ್ನು ಅಜ್ಞಾನವೆಂದು ಬರೆದಿಟ್ಟರು. ನಾವು ಹಾಗೆ ಎಣಿಸುವುದಿಲ್ಲ. ತಾಯಿಯೊಬ್ಬಳು ಜ್ವರದ ಮಗನನ್ನು ಬಚ್ಚಿಟ್ಟಾಗ ಅವಳಿಗೆ ಇದ್ದ ಅಂಜಿಕೆ ಪ್ಲೇಗಿನದಷ್ಟೇ ಅಲ್ಲ. ಕರೆದುಕೊಂಡು ಹೋದ ಮೇಲೆ ಅವನ ಬಾಯಿಗೆ ನೀರು ಹಾಕುವವರು ಯಾರು? ಸತ್ತರೆ ತಿಳಿಸುವವರು ಯಾರು? ಯಾವ ಕೈಗಳು ಅವನನ್ನು ಮಣ್ಣಿಗಿಡುತ್ತವೆ? ಈ ಪ್ರಶ್ನೆಗಳಿಗೆ ಯಾವ ಅಧಿಕಾರಿಯೂ ಉತ್ತರ ಕೊಡಲಿಲ್ಲ. ಉತ್ತರವಿಲ್ಲದ ಕಡೆ ಗಾಳಿಮಾತು ಬೆಳೆಯಿತು: ಆಸ್ಪತ್ರೆಯಲ್ಲಿ ವಿಷ ಹಾಕುತ್ತಾರೆ, ಮೈಯಿಂದ ಎಣ್ಣೆ ತೆಗೆಯುತ್ತಾರೆ ಎಂದು. 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಗಲಭೆಯೇ ನಡೆಯಿತು. ಆಮೇಲೆ ಸರ್ಕಾರ ಒತ್ತಾಯವನ್ನು ಸಡಿಲಿಸಿ ಊರ ಹಿರಿಯರ ಸಹಕಾರ ಕೇಳತೊಡಗಿತು.

ಇನ್ನೊಂದು ಮಾತು. ಮನೆಯಲ್ಲಿ ಇಲಿಗಳು ಸತ್ತು ಬಿದ್ದರೆ ನಮ್ಮ ರೈತರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಇದನ್ನು ಬರೀ ಹೆದರಿಕೆಯೆಂದು ಹೇಳುವಂತಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಪಂಡಿತರು ಅದನ್ನು ಒಪ್ಪಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ಕುಟುಂಬಗಳನ್ನು ಆ ಗುಡಿಸಲೇ ಉಳಿಸಿತ್ತು. ಗುಡಿಸಲಿನಲ್ಲಿ ಇಡೀ ಕುಟುಂಬ ಒಟ್ಟಿಗಿತ್ತು. ಸರ್ಕಾರದ ಶಿಬಿರದಲ್ಲಿ ಅದು ಚದುರುತ್ತಿತ್ತು. ಮನಸ್ಸಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಾರಿಯನ್ನು ಪೂಜಿಸಿ ಊರ ಗಡಿ ದಾಟಿಸಿ ಬರುವ ಪದ್ಧತಿ ನಮ್ಮ ನಾಡಿನಲ್ಲೆಲ್ಲ ಇತ್ತು. ಬೆಂಗಳೂರಿನಲ್ಲಿ ಪ್ಲೇಗಿನ ಹೆಸರಿನಲ್ಲೇ ಮಾರಿಯಮ್ಮನ ಗುಡಿ ಎದ್ದಿತು. ನಗುವುದು ಸುಲಭ. ಆದರೆ ಕ್ರಿ. ಶ. 680ರ ಪ್ಲೇಗಿನಲ್ಲಿ ಇಟಲಿಯ ಪಾವಿಯ ನಗರದ ಕ್ರೈಸ್ತರು ಸಂತ ಸೆಬಾಸ್ಟಿಯನ್ನರ ಹೆಸರಿನಲ್ಲಿ ಪೀಠ ಕಟ್ಟಿದರು. ನಮ್ಮ ಹಿರಿಯರೂ ಬಾಣಗಳು ನಾಟಿದ ಆ ಸಂತರ ಪ್ರತಿಮೆಯನ್ನು ಮೇಣದಬತ್ತಿ ಹಿಡಿದು ಮೆರವಣಿಗೆ ಮಾಡಿದವರೇ. ಒಟ್ಟಿಗೆ ನಡೆಯುವುದು, ಒಟ್ಟಿಗೆ ಹಾಡುವುದು, ಕಣ್ಣಿಗೆ ಕಾಣದ ಶತ್ರುವಿಗೆ ಒಂದು ಹೆಸರು ಕೊಡುವುದು: ಅಂಜಿದ ಮನಸ್ಸು ಬಯಸುವುದು ಇವನ್ನೇ. ಆದರೆ ಮಾರಿಯನ್ನು ಗಡಿ ದಾಟಿಸುವಾಗ ಒಂದು ತೊಡಕಿದೆ. ನಮ್ಮೂರಿನ ಗಡಿ ಪಕ್ಕದೂರಿನ ಗಡಿಯೂ ಹೌದು!

ಸೂಜಿಯ ಅಂಜಿಕೆಗೂ ಹಳೆಯ ಚರಿತ್ರೆಯಿದೆ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದನ್ನು ಹಾಕಿಸಿಕೊಂಡರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಸುದ್ದಿ ದೇಶವೆಲ್ಲ ಸುತ್ತಿತು. ಹಾಫ್‌ಕಿನ್ನರ ತಪ್ಪಿಲ್ಲವೆಂದು ತೀರ್ಮಾನವಾಗುವ ಹೊತ್ತಿಗೆ 1907 ಬಂದಿತ್ತು. 2021ರಲ್ಲಿ ಲಸಿಕೆಯ ಬಗ್ಗೆ ಮೊಬೈಲಿನಲ್ಲಿ ಓಡಾಡಿದ ಮಾತುಗಳನ್ನು ಕೇಳಿದಾಗ ನಮಗೆ ಮುಲ್ಕೋವಾಲ್ ನೆನಪಾಗಿತ್ತು.

1918ರ ಇನ್‌ಫ್ಲೂಯೆಂಜಾ ಪ್ಲೇಗಿಗಿಂತ ವೇಗವಾಗಿ ಜನರನ್ನು ಕೊಂಡೊಯ್ದಿತು. ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ಅದು ಬಿಟ್ಟುಹೋದ ನೆನಪು ಮಾತ್ರ ಅಚ್ಚರಿಯಷ್ಟು ಕಡಿಮೆ. ಅಳುವವರೂ ಹಾಸಿಗೆ ಹಿಡಿದಿದ್ದಾಗ ನೆನಪಿಡುವವರು ಯಾರು?

ನಮ್ಮ ಪೀಳಿಗೆ ಕಂಡ ಇನ್ನೊಂದು ಅಂಜಿಕೆ ಎಚ್‌ಐವಿ. 2000ದ ದಶಕದಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳು ರಾಜ್ಯದಲ್ಲಿ ಸೋಂಕು ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. 1982ರಲ್ಲೇ ಕಾಯಿದೆಯಿಂದ ನಿಷೇಧಿಸಲಾಗಿದ್ದ ದೇವದಾಸಿ ಪದ್ಧತಿ, ದುಡಿಮೆಗಾಗಿ ಮುಂಬಯಿ, ಪುಣೆ, ಸಾಂಗಲಿಗಳಿಗೆ ಹೋಗಿಬರುವ ಬದುಕು, ಹೆದ್ದಾರಿ - ಎಲ್ಲವೂ ಸೇರಿ ಈ ಭಾಗಕ್ಕೆ ಭಾರವಾಯಿತು. ಈ ರೋಗ ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಆದರೂ ತಟ್ಟೆ ಬೇರೆಯಾಯಿತು, ಹಾಸಿಗೆ ದನದ ಕೊಟ್ಟಿಗೆಗೆ ಹೋಯಿತು. ಗಂಡನಿಂದ ಸೋಂಕು ಪಡೆದ ಎಷ್ಟೋ ಹೆಣ್ಣುಮಕ್ಕಳು ಗಂಡನನ್ನು ಕೊಂದವಳೆಂಬ ಮಾತನ್ನೂ ಕೇಳಬೇಕಾಯಿತು. 2004ರ ಏಪ್ರಿಲಿನಿಂದ ಸರ್ಕಾರ ಉಚಿತ ಔಷಧಿ ಕೊಡತೊಡಗಿತು. 2017ರ ಕಾಯಿದೆ ತಾರತಮ್ಯವನ್ನು ನಿಷೇಧಿಸಿತು. ಮಾತ್ರೆ ನುಂಗಿ ಆರೋಗ್ಯವಾಗಿ ದುಡಿಯುತ್ತಿರುವವರು ಇಂದು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಹಲವರು ಪಕ್ಕದೂರಿನ ಆಸ್ಪತ್ರೆಯಿಂದ ಮಾತ್ರೆ ತರುತ್ತಾರೆ, ಸ್ವಂತ ಊರಿನಲ್ಲಿ ಗುರುತು ಹತ್ತಬಾರದೆಂದು. ಔಷಧಿ ಹಳ್ಳಿಗೆ ಬಂದು ಇಪ್ಪತ್ತು ವರ್ಷವಾದರೂ ಅಂಜಿಕೆಯ ಬಸ್ಸು ಇನ್ನೂ ಓಡುತ್ತಲೇ ಇದೆ.

ಇನ್ನು ಕೊರೋನಾ. 2020ರ ಮಾರ್ಚ್‌ನಲ್ಲಿ ಕಲಬುರಗಿಯ ವೃದ್ಧರೊಬ್ಬರು ದೇಶದಲ್ಲೇ ಮೊದಲಿಗರಾಗಿ ಆ ಸೋಂಕಿಗೆ ಬಲಿಯಾದರು. ಅದೇ ತಿಂಗಳು ಹಳೆಯ 1897ರ ಕಾಯಿದೆಯನ್ನೇ ಮತ್ತೆ ಕೈಗೆತ್ತಿಕೊಳ್ಳಲಾಯಿತು. ಕೈಗೆ ಮುದ್ರೆ, ಬಾಗಿಲಿಗೆ ಚೀಟಿ. ಏಪ್ರಿಲಿನಲ್ಲಿ ರಾಯಬಾಗ ತಾಲೂಕಿನ ಕುಡಚಿಯಲ್ಲಿ ದೆಹಲಿಯ ಧಾರ್ಮಿಕ ಸಭೆಗೆ ಹೋಗಿಬಂದವರ ಮೂಲಕ ಸೋಂಕು ಪತ್ತೆಯಾಗಿ ಪಟ್ಟಣವನ್ನು ಮುಚ್ಚಲಾಯಿತು. ಕುಡಚಿಯೆಂಬ ಹೆಸರೇ, ಮುಸಲ್ಮಾನರೆಂಬ ಹೆಸರೇ ರೋಗದ ಹೆಸರಾಗಿಬಿಟ್ಟಿತು. ರೋಗಾಣುವಿಗೆ ಧರ್ಮ ಗೊತ್ತಿಲ್ಲ ಎಂದು ಆಗ ಗಟ್ಟಿಯಾಗಿ ಹೇಳಬೇಕಾದವರಲ್ಲಿ ಕ್ರೈಸ್ತರೂ ಇದ್ದರು. ಹದಿನಾಲ್ಕನೆಯ ಶತಮಾನದ ಯೂರೋಪಿನಲ್ಲಿ ಪ್ಲೇಗು ಬಂದಾಗ, ಬಾವಿಗೆ ವಿಷ ಹಾಕಿದರೆಂದು ಯೆಹೂದ್ಯರನ್ನು ಸುಟ್ಟ ಚರಿತ್ರೆ ನಮ್ಮದೇ. ಅಂದು ಪೋಪ್ ಆರನೆಯ ಕ್ಲೆಮೆಂಟರು, ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂದು 1348ರಲ್ಲಿ ಲಿಖಿತವಾಗಿಯೇ ತಿಳಿಹೇಳಿದರು. ಕೇಳಿದವರು ಕಡಿಮೆ.

ಗಡಿಯಲ್ಲಿ ಮತ್ತೊಂದು ಸಂಕಟ. ಕಾಗವಾಡ, ಅಥಣಿಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಿರಜ, 1894ರಲ್ಲಿ ಡಾ. ವಾನ್‌ಲೆಸ್ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಈ ನಂಟು. ನಿಪ್ಪಾಣಿಯವರಿಗೆ ಕೊಲ್ಹಾಪುರ. ಮಗಳನ್ನು ಕೊಟ್ಟದ್ದೂ ಆಚೆ, ಸೊಸೆಯನ್ನು ತಂದದ್ದೂ ಆಚೆಯಿಂದ. ಕೊಗನೊಳ್ಳಿಯಲ್ಲಿ, ಕಾಗವಾಡದಲ್ಲಿ ತಪಾಸಣಾ ಠಾಣೆಗಳು ನಿಂತಾಗ ರಸ್ತೆಯ ಜೊತೆ ಭರವಸೆಯೂ ಮುಚ್ಚಿಕೊಂಡಿತು. ಮಹಾರಾಷ್ಟ್ರದಿಂದ ಮರಳಿದ ದುಡಿಯುವ ಮಕ್ಕಳು ತಮ್ಮೂರಿನ ಶಾಲೆಯಲ್ಲಿ ಹದಿನಾಲ್ಕು ದಿನ ಕುಳಿತರು. ಕಿಟಕಿಯಿಂದ ಸ್ವಂತ ಮನೆ ಕಾಣುತ್ತಿದ್ದರೂ ಹೋಗುವಂತಿರಲಿಲ್ಲ.

2020ರ ಸೆಪ್ಟೆಂಬರ್ 23ರಂದು ಬೆಳಗಾವಿಯ ಸಂಸದರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕೊರೋನಾದಿಂದ ತೀರಿಕೊಂಡರು. ದೇಹ ಬೆಳಗಾವಿಗೆ ಬರಲಿಲ್ಲ. ಅಂತ್ಯಕ್ರಿಯೆ ದೆಹಲಿಯಲ್ಲೇ ಆಯಿತು. ಕೇಂದ್ರ ಸಚಿವರಿಗೇ ಹುಟ್ಟೂರಿನ ಮಣ್ಣು ಸಿಗಲಿಲ್ಲವೆಂದ ಮೇಲೆ ಸಾಮಾನ್ಯರ ಗತಿ ಏನು? 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎಷ್ಟೋ ಮನೆಗಳಿಗೆ ತಂದೆ ಆಂಬುಲೆನ್ಸ್ ಹತ್ತಿದ್ದೇ ಕೊನೆಯ ನೋಟವಾಯಿತು. ಮುಖ ನೋಡದೆ ಕಳಿಸಿದ ದುಃಖ ಬೇಗ ಆರುವುದಿಲ್ಲ. ರೋಗವನ್ನು ಮನೆಗೆ ತಂದವನು ನಾನೇ ಎಂದು ಕೊರಗುವವರು ಇಂದಿಗೂ ಇದ್ದಾರೆ. ಕೆಮ್ಮು ಕೇಳಿದರೆ ಎದೆ ಬಡಿದುಕೊಳ್ಳುವುದು, ನಡುರಾತ್ರಿ ಎಚ್ಚರವಾಗುವುದು, ತೊಳೆದ ಕೈಯನ್ನೇ ತೊಳೆಯುವುದು: ಇವು ಭಕ್ತಿಯ ಕೊರತೆಯ ಲಕ್ಷಣಗಳಲ್ಲ. ಪ್ರಾರ್ಥನೆ ಮಾಡಿದರೆ ಹೋಗುತ್ತದೆ ಎಂದಷ್ಟೇ ಹೇಳಿ ಇಂಥವರನ್ನು ಮನೆಗೆ ಕಳಿಸುವುದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

2020ರ ಏಪ್ರಿಲ್ 12ರ ಪಾಸ್ಕಹಬ್ಬದಂದು ನಮ್ಮ ದೇವಾಲಯಗಳ ಬಾಗಿಲು ಮುಚ್ಚಿತ್ತು. ಹೀಗಾದದ್ದು ಅದೇ ಮೊದಲಲ್ಲ. 1576ರಲ್ಲಿ ಮಿಲಾನ್ ನಗರದಲ್ಲಿ ಪ್ಲೇಗು ಹಬ್ಬಿದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊರವರು ಊರು ಬಿಡಲಿಲ್ಲ. ಜನ ಮನೆಯೊಳಗೇ ಇರಬೇಕಾದಾಗ ಬೀದಿ ಕೂಡುವ ಕಡೆಗಳಲ್ಲಿ ಪೀಠಗಳನ್ನು ಇರಿಸಿ ಬಲಿಪೂಜೆ ನಡೆಸಿದರು. ಕಿಟಕಿಯಲ್ಲಿ ನಿಂತೇ ಜನ ಪಾಲ್ಗೊಂಡರು. ದಿನದಲ್ಲಿ ಹಲವು ಬಾರಿ ಗಂಟೆ ಬಾರಿಸಿದಾಗ ಇಡೀ ಬೀದಿ ಕಿಟಕಿಗಳಿಂದಲೇ ಒಟ್ಟಿಗೆ ಪ್ರಾರ್ಥಿಸುತ್ತಿತ್ತು. ದೂರವನ್ನು ಅವರು ಮೀರಲಿಲ್ಲ, ಆದರೆ ಯಾರನ್ನೂ ಒಂಟಿಯಾಗಿ ಬಿಡಲಿಲ್ಲ.

ನಮ್ಮ ಕಾಲದಲ್ಲಿ ಆ ಗಂಟೆಯ ಕೆಲಸವನ್ನು ದೂರವಾಣಿ ಮಾಡಬಲ್ಲದು. ಮನಸ್ಸಿನ ಕಾಯಿಲೆಗೆ ಜಿಲ್ಲೆಯಲ್ಲೇ ಚಿಕಿತ್ಸೆ ಎಂಬ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿಯಲ್ಲಿ ಆರಂಭಿಸಿ ದೇಶಕ್ಕೇ ಮಾದರಿ ಮಾಡಿತು. ಅದೇ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸೇವೆ ನಡೆದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲಿ ಮಾತನಾಡಬಹುದು. ನಿಪ್ಪಾಣಿ, ಕಾಗವಾಡದ ಕಡೆ ಮನೆಮಾತು ಮರಾಠಿಯಾಗಿರುವ ಅಜ್ಜಿಯರು ಮರಾಠಿಯಲ್ಲೂ ಮಾತನಾಡಬಹುದು.