ಹೆರ್ನ್‌ಹೂಟ್‌ನ ಕಾಗದದ ನಕ್ಷತ್ರ: ಕೈಕೆಲಸ ಮತ್ತು ಧ್ಯಾನ

ಧಾರ್ಮಿಕ ಕಲೆಯ ಅಧ್ಯಯನದಲ್ಲಿ ಕಲ್ಲು, ಲೋಹ, ಮರಗಳ ಕೃತಿಗಳಿಗೆ ದೊರೆತ ಗಮನ ಕಾಗದದ ಕೃತಿಗಳಿಗೆ ದೊರೆತಿಲ್ಲ. ಹಬ್ಬದೊಡನೆ ಹುಟ್ಟಿ ಹಬ್ಬದೊಡನೆ ಮುಗಿಯುವ ಅಲಂಕಾರವೆಂದು ಅವನ್ನು ಬದಿಗಿರಿಸಿದ್ದೇ ಹೆಚ್ಚು. ಮೊರೇವಿಯನ್ ಕ್ರೈಸ್ತ ಸಮುದಾಯದ ಕಾಗದದ ನಕ್ಷತ್ರವು ಈ ಧೋರಣೆಯ ಮರುಪರಿಶೀಲನೆಗೆ ತಕ್ಕ ನಿದರ್ಶನವಾಗಿದೆ.

ಮೊರೇವಿಯಾದಿಂದ ವಲಸೆ ಬಂದ ಪ್ರಾಟೆಸ್ಟೆಂಟ್ ನಿರಾಶ್ರಿತರು 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ, ಕೌಂಟ್ ಜಿಂಜೆನ್‌ಡಾರ್ಫ್‌ನ ಜಮೀನಿನಲ್ಲಿ, ಹೆರ್ನ್‌ಹೂಟ್ ಎಂಬ ಊರನ್ನು ಕಟ್ಟಿದರು. ‘ಪ್ರಭುವಿನ ಕಾವಲು’ ಎಂಬುದು ಆ ಹೆಸರಿನ ಅರ್ಥ. ದಿನಕ್ಕೊಂದು ವೇದವಾಕ್ಯವನ್ನು ಆಯ್ದು ಮನನ ಮಾಡುವ ಪದ್ಧತಿ ಇಲ್ಲಿ 1728ರಲ್ಲಿ ಆರಂಭವಾಯಿತು. 1731ರಿಂದ ಅದು ಪುಸ್ತಕರೂಪದಲ್ಲಿ ಅಚ್ಚಾಗುತ್ತ ಬಂದಿದೆ. 1732ರಲ್ಲಿ ಕೆರಿಬಿಯನ್ ದ್ವೀಪವಾದ ಸೇಂಟ್ ಥಾಮಸ್‌ಗೆ ಹೊರಟ ಈ ಸಮುದಾಯದ ಧರ್ಮಪ್ರಚಾರಕರು ಮುಂದೆ ಗ್ರೀನ್‌ಲ್ಯಾಂಡ್, ಲ್ಯಾಬ್ರಡಾರ್‌ಗಳನ್ನೂ ಭಾರತದ ತರಂಗಂಬಾಡಿ, ಲಾಹುಲ್, ಲೇಹ್‌ಗಳನ್ನೂ ತಲುಪಿದರು.

ಈ ವಿಸ್ತಾರಕ್ಕೆ ಮಕ್ಕಳು ಬೆಲೆ ತೆತ್ತರು. ದೂರದ ನೆಲೆಗಳಲ್ಲಿದ್ದ ಪ್ರಚಾರಕರು ಎಳೆಯ ಮಕ್ಕಳನ್ನು ವಿದ್ಯಾಭ್ಯಾಸಕ್ಕೆಂದು ಸಮುದಾಯದ ವಸತಿಶಾಲೆಗಳಿಗೆ ಕಳುಹಿಸುತ್ತಿದ್ದರು. ತಂದೆತಾಯಿಯರನ್ನು ಮತ್ತೆ ಕಾಣಲು ಮಕ್ಕಳು ಅನೇಕ ವರ್ಷ ಕಾಯಬೇಕಾಗುತ್ತಿತ್ತು. ನಕ್ಷತ್ರ ಹುಟ್ಟಿದ್ದು ಇಂಥ ವಸತಿಶಾಲೆಗಳಲ್ಲಿ. ನೀಸ್ಕಿ ಎಂಬ ಊರಿನ ಬಾಲಕರ ವಿದ್ಯಾಲಯದ ಐವತ್ತನೆಯ ವರ್ಷದ ಉತ್ಸವದಲ್ಲಿ, 1821ರಲ್ಲಿ, 110 ಕಿರಣಗಳ ನಕ್ಷತ್ರವನ್ನು ತೂಗುಹಾಕಲಾಗಿತ್ತು. ರೇಖಾಗಣಿತದ ಪಾಠಕ್ಕಾಗಿ ಕಾಗದ ಮಡಿಸಿ ಮಾಡಿದ ಆಕೃತಿಯು ಕ್ರಮೇಣ ಆಗಮನಕಾಲದ, ಅಂದರೆ ಕ್ರಿಸ್ತಜಯಂತಿಯ ನಿರೀಕ್ಷೆಯ ನಾಲ್ಕು ವಾರಗಳ, ಆಚರಣೆಯಾಯಿತು.

ರೂಢಿಯಲ್ಲಿ ನಿಂತ ನಕ್ಷತ್ರದ ರಚನೆ ಸರಳವಾದರೂ ಕರಾರುವಾಕ್ಕಾದುದು. ಅದರ ಒಡಲು 18 ಚೌಕಗಳೂ 8 ತ್ರಿಕೋನಗಳೂ ಸೇರಿದ 26 ಮುಖಗಳ ಘನಾಕೃತಿ. ಒಂದು ಚೌಕವನ್ನು ದೀಪಕ್ಕಾಗಿ ಬಿಟ್ಟರೆ ಉಳಿಯುವ 25 ಮುಖಗಳ ಮೇಲೆ 17 ಚೌಕತಳದ ಹಾಗೂ 8 ತ್ರಿಕೋನತಳದ ಮೊನೆಗಳು ನಿಲ್ಲುತ್ತವೆ. ಒಂದು ಮಡಿಕೆ ತಪ್ಪಿದರೆ ಪಕ್ಕದ ಮೊನೆ ಕೂಡಿಕೊಳ್ಳದು. ಮೊದಲ ನಕ್ಷತ್ರಗಳ ಬಿಳಿ, ಕೆಂಪು ಬಣ್ಣಗಳನ್ನು ಸಮುದಾಯವು ಪಾವಿತ್ರ್ಯ ಮತ್ತು ಕ್ರಿಸ್ತನ ರಕ್ತದ ಸಂಕೇತವೆಂದು ಅರ್ಥೈಸಿದೆ. ಮೂಡಣ ದೇಶದ ಜ್ಞಾನಿಗಳಿಗೆ ಬೇತ್ಲೆಹೇಮಿನ ದಾರಿ ತೋರಿದ ನಕ್ಷತ್ರವೇ ಇದರ ಮೂಲಕಲ್ಪನೆ. ಆಗಮನಕಾಲದ ಮೊದಲ ಭಾನುವಾರ ಮಕ್ಕಳು ತಮ್ಮ ನಕ್ಷತ್ರವನ್ನು ತಾವೇ ಜೋಡಿಸುತ್ತಿದ್ದರು. ಜ್ಞಾನಿಗಳ ಶಿಶುದರ್ಶನವನ್ನು ಸ್ಮರಿಸುವ ಜನವರಿ 6ರವರೆಗೆ ಅದನ್ನು ಬೆಳಗಿಸುವುದು ರೂಢಿ.

1897ರಲ್ಲಿ ಪೀಟರ್ ಹೆಂಡ್ರಿಕ್ ವೆರ್ಬೇಕ್ ಎಂಬವನು ಬಿಚ್ಚಿ ಮತ್ತೆ ಜೋಡಿಸಬಹುದಾದ ನಕ್ಷತ್ರವನ್ನು ಸಿದ್ಧಪಡಿಸಿದನು. ಅದರಲ್ಲಿ ಕಾಗದದ ಮೊನೆಗಳನ್ನು ಲೋಹದ ಒಡಲಿಗೆ ಸೇರಿಸಬೇಕಾಗಿತ್ತು. ಮೊನೆಗಳೇ ಪರಸ್ಪರ ಹಿಡಿದು ನಿಲ್ಲುವ, ಒಡಲಿಲ್ಲದ ರಚನೆ 1925ರಲ್ಲಿ ಬಂದಿತು. ಕರ್ನಾಟಕದ ಕರಾವಳಿಯ ಗೂಡುದೀಪದಲ್ಲಿ ಬಿದಿರ ಕಡ್ಡಿಯ ಚೌಕಟ್ಟು ಮೊದಲು, ಕಾಗದ ಆಮೇಲೆ. ಇಲ್ಲಿ ಹಾಗಲ್ಲ, ಕಾಗದದ ಮೊನೆಗಳೇ ಒಂದಕ್ಕೊಂದು ಆಧಾರ.

ಕಾರ್ಖಾನೆಯು ಕಸುಬನ್ನು ಅಳಿಸಿತೆಂಬ ಸಾಮಾನ್ಯ ನಿರ್ಣಯ ಇಲ್ಲಿ ಪೂರ್ಣವಾಗಿ ಹೊಂದುವುದಿಲ್ಲ. ಮಡಿಸುವ, ಅಂಟಿಸುವ ಕೆಲಸ ಮಕ್ಕಳ ಕೈಯಿಂದ ಕಾರ್ಯಾಗಾರದ ಕುಶಲಕರ್ಮಿಗಳ ಕೈಗೆ ದಾಟಿತು. ಆದರೆ ಮೊನೆಗಳನ್ನು ಜೋಡಿಸುವ ಕೆಲಸ ಮನೆಯಲ್ಲಿಯೇ ಉಳಿಯಿತು. ವರ್ಷಕ್ಕೊಮ್ಮೆ ಬಿಡಿಭಾಗಗಳನ್ನು ಹೊರತೆಗೆದು ಕೂಡಿಸುವುದರಲ್ಲಿಯೇ ಈ ಆಚರಣೆಯ ತಿರುಳಿದೆ. ದಿನಕ್ಕೊಂದು ವಾಕ್ಯವನ್ನು ಮನನ ಮಾಡುವ ಸಮುದಾಯಕ್ಕೆ ಒಂದೊಂದೇ ಮೊನೆಯನ್ನು ಸೇರಿಸುವ ತಾಳ್ಮೆ ಅಪರಿಚಿತವಾದುದಲ್ಲ. ತಂದೆತಾಯಿಯರಿಗಾಗಿ ಕಾದ ಮಕ್ಕಳಿಗೆ ಆಗಮನಕಾಲದ ನಿರೀಕ್ಷೆ ಬೋಧೆಯ ಮಾತಾಗಿರಲಿಲ್ಲ, ದಿನನಿತ್ಯದ ಅನುಭವವಾಗಿತ್ತು.

2024ರಲ್ಲಿ ನವದೆಹಲಿಯಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿಯು ಹೆರ್ನ್‌ಹೂಟ್ ಸೇರಿದಂತೆ ಮೊರೇವಿಯನ್ ವಸತಿಗಳನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮನ್ನಣೆ ಕಟ್ಟಡಗಳಿಗೂ ಊರಿನ ವಿನ್ಯಾಸಕ್ಕೂ ಸಂದುದು. ಆ ಊರುಗಳ ಮಕ್ಕಳು ಅಗಲಿಕೆಯನ್ನು ಹೇಗೆ ತಾಳಿಕೊಂಡರೆಂಬುದಕ್ಕೆ ಕಲ್ಲಿನ ಗೋಡೆಗಳಿಗಿಂತ ಕಾಗದದ ಈ 25 ಮೊನೆಗಳೇ ಹತ್ತಿರದ ಸಾಕ್ಷಿ.