ಸ್ತನದ ಕ್ಯಾಲ್ಸಿಯಂ ಕಣಗಳು

ಸ್ತನದ ಅಂಗಾಂಶದಲ್ಲಿ ಕ್ಯಾಲ್ಸಿಯಂ ಲವಣ ಸೇರಿಕೊಂಡು ಮ್ಯಾಮೊಗ್ರಾಂನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುವ ಸ್ಥಿತಿ. ವರದಿಗಳಲ್ಲಿ ಇದನ್ನು ಕ್ಯಾಲ್ಸಿಫಿಕೇಶನ್ ಎಂದು ಬರೆಯುತ್ತಾರೆ. ಸಾಮಾನ್ಯವಾಗಿ ಇವು ಕೈಗೆ ತಗಲುವುದಿಲ್ಲ, ನೋಯುವುದೂ ಇಲ್ಲ. ಐವತ್ತು ದಾಟಿದ ಹೆಂಗಸರಲ್ಲಿ ಬಹಳ ಸಾಮಾನ್ಯ; ಹೆಚ್ಚಿನವು ನಿರಪಾಯಕರ. ಆದರೂ ವರದಿಯಲ್ಲಿ ಈ ಪದ ಕಂಡೊಡನೆ ಗಾಬರಿಯಾಗಿ ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ನಿಲ್ಲಿಸಬೇಕೇನೋ ಎಂದು ಅಂದುಕೊಳ್ಳುವುದುಂಟು. ತಿನ್ನುವ ಕ್ಯಾಲ್ಸಿಯಂನಿಂದ ಈ ಕಣಗಳು ಹುಟ್ಟುವುದಿಲ್ಲ. ಮುಟ್ಟು ನಿಂತು ಮೂಳೆ ಸವೆಯುವ ವಯಸ್ಸಿನಲ್ಲಿ ಅದನ್ನು ಬಿಟ್ಟರೆ ನಷ್ಟವೇ ಹೆಚ್ಚು.

ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್‌ರೇ ತೆಗೆದು 1913ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೇ ಈ ಚುಕ್ಕೆಗಳ ಪ್ರಸ್ತಾಪವಿದೆ. ಅವುಗಳ ಆಕಾರ ನೋಡಿ ಕ್ಯಾನ್ಸರಿನ ಸುಳಿವು ಹಿಡಿಯಬಹುದೆಂದು 1950ರ ಆಸುಪಾಸಿನಲ್ಲಿ ತೋರಿಸಿದವರು ಉರುಗ್ವೆಯ ರೌಲ್ ಲೆಬೋರ್ನ್. ಇಂದಿಗೂ ತಜ್ಞರು ಕೇಳುವ ಪ್ರಶ್ನೆಗಳು ಅವೇ: ಕಣಗಳ ಆಕಾರ ಹೇಗಿದೆ, ಅವು ಹೇಗೆ ಹರಡಿವೆ, ಹಿಂದಿನ ಚಿತ್ರಕ್ಕಿಂತ ಬದಲಾಗಿವೆಯೇ.

ಅರ್ಧ ಮಿಲಿಮೀಟರಿಗಿಂತ ದೊಡ್ಡ ಒರಟು ಕಣಗಳು ಬಹುಪಾಲು ವಯಸ್ಸಿನ, ಹಳೆಯ ಪೆಟ್ಟಿನ ಅಥವಾ ಶಸ್ತ್ರಚಿಕಿತ್ಸೆಯ ಗುರುತು. ರಕ್ತನಾಳದ ಗೋಡೆಯಲ್ಲಿ ಕೂತವು ಎರಡು ಸಮಾನಾಂತರ ಗೆರೆಗಳಾಗಿ ಕಾಣುತ್ತವೆ. ಇವು ಸ್ತನದ ಕಾಯಿಲೆಯಲ್ಲ, ಆದರೆ ಹೃದಯದ ಆರೋಗ್ಯದ ಕಡೆ ಗಮನ ಹರಿಸಲು ಕಾರಣವಾಗಬಹುದು. ಬತ್ತುತ್ತಿರುವ ಫೈಬ್ರೊಅಡೆನೋಮಾ ಗಂಟಿನಲ್ಲಿ ದಪ್ಪ ಉಂಡೆಗಳು ಮೂಡುತ್ತವೆ. ಸಣ್ಣ ನೀರುಚೀಲಗಳೊಳಗಿನ ಕ್ಯಾಲ್ಸಿಯಂ ಇನ್ನೂ ವಿಶಿಷ್ಟ: ಮೇಲಿನಿಂದ ತೆಗೆದ ಚಿತ್ರದಲ್ಲಿ ಮಸುಕು ಮಚ್ಚೆ, ಪಕ್ಕದಿಂದ ತೆಗೆದರೆ ಸ್ಪಷ್ಟವಾದ ಅರ್ಧಚಂದ್ರ. ಹೆಂಗಸು ನಿಂತಿರುವಾಗ ಪುಡಿ ಚೀಲದ ತಳಕ್ಕೆ ಇಳಿದು ಕೂರುವುದೇ ಇದಕ್ಕೆ ಕಾರಣ. ಇದು ಕಂಡರೆ ಸಂಶಯ ಅಲ್ಲಿಗೆ ಮುಗಿಯಿತು.

ಚಿಂತೆಗೆ ಎಡೆಕೊಡುವುದು ಒಂದೇ ಕಡೆ ಗುಂಪುಗೂಡಿದ, ಒಂದರಂತೆ ಒಂದಿಲ್ಲದ ಸಣ್ಣ ಕಣಗಳು. ಕೂದಲೆಳೆಯಂತೆ ಸಾಲಾಗಿ ಕವಲೊಡೆದಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಹಾಲಿನ ನಾಳದೊಳಗೇ ಕ್ಯಾನ್ಸರ್ ಕೋಶಗಳು ತುಂಬಿಕೊಂಡಾಗ ನಡುವಿನವು ರಕ್ತಪೂರೈಕೆ ಸಿಗದೆ ಸಾಯುತ್ತವೆ. ಸತ್ತ ಆ ಕೋಶರಾಶಿಯಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡು ನಾಳದ ಕವಲುಗಳ ಆಕಾರವನ್ನೇ ತಳೆಯುತ್ತದೆ. ನಾಳದ ಗೋಡೆ ದಾಟದ ಈ ಹಂತಕ್ಕೆ ಡಿಸಿಐಎಸ್ ಎಂದು ಹೆಸರು. ಬಹುತೇಕ ಪ್ರಕರಣಗಳು ಪತ್ತೆಯಾಗುವುದು ಈ ಕಣಗಳ ಮೂಲಕವೇ.

ಅನುಮಾನ ಬಂದರೆ ಮೊದಲು ಆ ಭಾಗವನ್ನಷ್ಟೇ ಹಿಗ್ಗಿಸಿ ಚಿತ್ರ ತೆಗೆಯುತ್ತಾರೆ. ಮತ್ತೆ ಕರೆದರೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಡಿಯೋಡರೆಂಟಿನ ಅಲ್ಯೂಮಿನಿಯಂ, ಚರ್ಮಕ್ಕೆ ಹಚ್ಚಿದ ಪೌಡರು ಕೂಡ ಚುಕ್ಕೆಯಂತೆ ಕಾಣಬಲ್ಲವು. ಪರೀಕ್ಷೆಯ ದಿನ ಅವನ್ನು ಹಚ್ಚಬೇಡಿ ಎನ್ನುವುದು ಅದಕ್ಕೇ. ಅಲ್ಟ್ರಾಸೌಂಡ್ ಸೂಕ್ಷ್ಮ ಕಣಗಳನ್ನು ಅನೇಕ ಸಲ ಹಿಡಿಯುವುದಿಲ್ಲ. ಹಾಗಾಗಿ ಮ್ಯಾಮೊಗ್ರಾಂನಲ್ಲಿ ಕಂಡ ಗುಂಪನ್ನು ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ’ ಎಂದು ಬದಿಗಿಡಬಾರದು.

ವರದಿಯ ಕೊನೆಯಲ್ಲಿ ಬರುವ ಬೈರಾಡ್ಸ್ ಸಂಖ್ಯೆ ಅಮೆರಿಕದ ರೇಡಿಯಾಲಜಿ ಕಾಲೇಜು ರೂಪಿಸಿದ ಪದ್ಧತಿ. 0 ಎಂದರೆ ಇನ್ನಷ್ಟು ಚಿತ್ರ ಬೇಕು, 2 ನಿರಪಾಯ, 3 ಎಂದರೆ ಕ್ಯಾನ್ಸರಿನ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡಬೇಕು. 4ಕ್ಕೆ ಬಯಾಪ್ಸಿ ಬೇಕು, ಆದರೆ ಅದರ ವ್ಯಾಪ್ತಿ ಶೇ. 2ರಿಂದ 95ರವರೆಗೆ. ಆದ್ದರಿಂದ 4ಎ, 4ಬಿ, 4ಸಿ ಯಾವುದೆಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಬಯಾಪ್ಸಿಯಲ್ಲಿ ಸ್ತನವನ್ನು ಒತ್ತಿಹಿಡಿದು ಎರಡು ಕೋನಗಳಿಂದ ಚಿತ್ರ ತೆಗೆದು ಕಣಗಳ ಸ್ಥಾನ ಲೆಕ್ಕ ಹಾಕುತ್ತಾರೆ. ಜಾಗ ಮರಗಟ್ಟಿಸಿ, ಹೀರುವ ಸೂಜಿಯಿಂದ ಎಳೆಎಳೆಯಾಗಿ ಅಂಗಾಂಶ ತೆಗೆಯುತ್ತಾರೆ. ಆ ಎಳೆಗಳಿಗೂ ತಕ್ಷಣ ಎಕ್ಸ್‌ರೇ ಉಂಟು. ಬಿಳಿ ಚುಕ್ಕೆ ಅವುಗಳಲ್ಲಿ ಕಾಣದಿದ್ದರೆ ಗುರಿ ತಪ್ಪಿದೆ ಎಂದರ್ಥ. ಮುಗಿದ ಮೇಲೆ, ಮುಂದೆ ಜಾಗ ಗುರುತಿಸಲೆಂದು ಲೋಹದ ಪುಟ್ಟ ಕ್ಲಿಪ್ಪೊಂದನ್ನು ಒಳಗೇ ಬಿಡುತ್ತಾರೆ.

ಭಾರತದಲ್ಲಿ ರಾಷ್ಟ್ರವ್ಯಾಪಿ ಮ್ಯಾಮೊಗ್ರಾಂ ತಪಾಸಣೆ ಇಲ್ಲ. ಸರ್ಕಾರಿ ಕಾರ್ಯಕ್ರಮ 30 ದಾಟಿದವರಿಗೆ ಆರೋಗ್ಯ ಕಾರ್ಯಕರ್ತರು ಕೈಯಿಂದ ಮಾಡುವ ಪರೀಕ್ಷೆಯನ್ನೇ ನೆಚ್ಚಿದೆ. ಬೆಂಗಳೂರಿನಂಥ ನಗರಗಳಲ್ಲಿ ಹೆಲ್ತ್ ಚೆಕಪ್ಪಿಗೆಂದು ಪ್ರತಿಸಲ ಬೇರೆಬೇರೆ ಕಡೆ ಹೋಗುವವರ ಹಳೆಯ ಚಿತ್ರಗಳು ಮುಂದಿನ ವೈದ್ಯರಿಗೆ ಸಿಗದೆ ಹೋಗಬಹುದು. ವರದಿಯ ಕಾಗದವಷ್ಟೇ ಅಲ್ಲ, ಫಿಲ್ಮು ಅಥವಾ ಸಿ.ಡಿ.ಯನ್ನೂ ಜೋಪಾನವಾಗಿಟ್ಟು ಒಯ್ದರೆ ವರ್ಷಗಳಿಂದ ಬದಲಾಗದ ಕಣಗಳಿಗೆ ಸೂಜಿ ಚುಚ್ಚುವುದನ್ನು ಎಷ್ಟೋ ಸಲ ತಪ್ಪಿಸಬಹುದು.

ಡಿಸಿಐಎಸ್ ಎಲ್ಲವೂ ಮುಂದೆ ಹರಡುವ ಕ್ಯಾನ್ಸರ್ ಆಗುವುದಿಲ್ಲ. ಅಪಾಯ ಕಡಿಮೆಯಿರುವ ಬಗೆಗೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕೇ ಎಂದು ಅಮೆರಿಕದ ಕಾಮೆಟ್ ಅಧ್ಯಯನ ಪರೀಕ್ಷಿಸಿತು. 2024ರ ಡಿಸೆಂಬರಿನಲ್ಲಿ ಬಂದ ಫಲಿತಾಂಶದಂತೆ ಎರಡು ವರ್ಷಗಳಲ್ಲಿ ಹರಡುವ ಬಗೆಯ ಕ್ಯಾನ್ಸರ್ ಪತ್ತೆಯಾದ ಪ್ರಮಾಣ ರೂಢಿಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 5.9, ನಿಗಾದಲ್ಲಿಟ್ಟ ಗುಂಪಿನಲ್ಲಿ ಶೇ. 4.2. ಎರಡು ವರ್ಷ ಈ ಕಾಯಿಲೆಗೆ ಚಿಕ್ಕ ಅವಧಿ; ಅದೇ ಹೆಂಗಸರನ್ನು ಇನ್ನೂ ಹಲವು ವರ್ಷ ಗಮನಿಸಬೇಕಿದೆ.