ಕಂಪ್ಯೂಟರಿನ ಬಿಸಿ ತೋರಿಸುವ ಉಚಿತ ಸಾಫ್ಟ್‌ವೇರ್ ವೈರಸ್ಸೇ?

ಹೇಳಿಕೆ: ಕಂಪ್ಯೂಟರಿನ ಟೆಂಪರೇಚರ್ ತೋರಿಸುವ ಉಚಿತ ಸಾಫ್ಟ್‌ವೇರ್‌ಗಳೆಲ್ಲ ವೈರಸ್. ಕೂಡಲೇ ಎಲ್ಲರಿಗೂ ತಿಳಿಸಿ.

ವಾಸ್ತವ: ಅರ್ಧ ಸತ್ಯ. ಇವು ವೈರಸ್ ಅಲ್ಲ. ಆದರೆ ಇವುಗಳಲ್ಲಿ ಕೆಲವು ಬಳಸುತ್ತಿದ್ದ ಒಂದು ಭಾಗದಲ್ಲಿ ನಿಜವಾದ ಲೋಪವಿತ್ತು.

ಬಿಸಿ ಏಕೆ ಅಳೆಯಬೇಕು?

ಮೋಟೆಬೆನ್ನೂರಿನಂಥ ಹೆದ್ದಾರಿ ಬದಿಯ ಊರಿನಲ್ಲಿರುವ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಏಪ್ರಿಲ್ ಬಿಸಿಲು, ರಸ್ತೆಯ ಧೂಳು, ಫ್ಯಾನಿನ ರೆಕ್ಕೆಗೆ ಮೆತ್ತಿದ ಕಸ. ಗಾಳಿ ಆಡದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬಿಸಿ ಮಿತಿಮೀರಿದರೆ ಯಂತ್ರ ತಾನೇ ಆಫ್ ಆಗುತ್ತದೆ. ಯಾರದೋ ಅರ್ಜಿ ತುಂಬುವ ಕೊನೆಯ ದಿನವೇ ಹೀಗಾಗಬಹುದು.

ಯಂತ್ರದೊಳಗಿನ ಸೆನ್ಸರ್‌ಗಳನ್ನು ಓದಿ ಬಿಸಿ ಎಷ್ಟಿದೆ, ಫ್ಯಾನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿಸುವುದು ಈ ಸಾಫ್ಟ್‌ವೇರ್‌ಗಳ ಕೆಲಸ. ಓದುವುದರಿಂದಲೇ ಬಿಸಿ ಇಳಿಯುವುದಿಲ್ಲ. ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಬಿಡುತ್ತದೆಯೇ?

ಇವನ್ನು ಬರೆಯುವವರು ಯಾರು?

ಲಿನಕ್ಸ್‌ಗೆ 'ಎಲ್‌ಎಂ-ಸೆನ್ಸರ್ಸ್' 1990ರ ದಶಕದ ಕೊನೆಯಿಂದಲೂ ಇದೆ. ವಿಂಡೋಸ್‌ಗೆ 'ಓಪನ್ ಹಾರ್ಡ್‌ವೇರ್ ಮಾನಿಟರ್', ಅದರಿಂದ ಕವಲೊಡೆದ 'ಲಿಬ್ರೆ ಹಾರ್ಡ್‌ವೇರ್ ಮಾನಿಟರ್' ಇವೆ. ಒಂದೊಂದು ಮದರ್‌ಬೋರ್ಡ್‌ನ ಸೆನ್ಸರ್ ಒಂದೊಂದು ಬಗೆ. ಎಲ್ಲವನ್ನೂ ಒಬ್ಬರೇ ಕೊಂಡು ಪರೀಕ್ಷಿಸಲಾಗದು. ಹಾಗಾಗಿ ಬೇರೆ ಬೇರೆ ದೇಶಗಳ ಸ್ವಯಂಸೇವಕರು ತಮ್ಮ ಬಳಿಯಿರುವ ಯಂತ್ರದಲ್ಲಿ ಪರೀಕ್ಷಿಸಿ ತಪ್ಪು ತಿದ್ದುತ್ತಾರೆ. ಕೋಡ್ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ತೆರೆದು ನೋಡಬಹುದು.

ಹಾಗಾದರೆ ಲೋಪ ಎಲ್ಲಿತ್ತು?

ವಿಂಡೋಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂ ನೇರವಾಗಿ ಈ ಸೆನ್ಸರ್‌ಗಳನ್ನು ಮುಟ್ಟುವಂತಿಲ್ಲ. ನಡುವೆ 'ಡ್ರೈವರ್' ಎಂಬ ಭಾಗ ಬೇಕು. ಇಂಥ ಹಲವು ಸಾಫ್ಟ್‌ವೇರ್‌ಗಳು 'ವಿನ್‌ರಿಂಗ್0' ಎಂಬ ಹಳೆಯ ಡ್ರೈವರ್ ಬಳಸುತ್ತಿದ್ದವು. ಅದು ಕೇಳಿದವರಿಗೆಲ್ಲ ಯಂತ್ರದ ಒಳಬಾಗಿಲು ತೆರೆಯುತ್ತಿತ್ತು. ಮೆಣಸಿನಕಾಯಿ ತುಂಬಿದ ಕೋಲ್ಡ್ ಸ್ಟೋರೇಜ್‌ನ ಕೀಲಿಕೈಯನ್ನು ಬಾಗಿಲಲ್ಲೇ ಬಿಟ್ಟಂತೆ: ಬಿಟ್ಟವನು ಕಳ್ಳನಲ್ಲ, ಆದರೆ ಕಳ್ಳನಿಗೆ ಅನುಕೂಲ.

ಈ ದೋಷ 2020ರಲ್ಲೇ 'ಸಿವಿಇ-2020-14979' ಎಂದು ದಾಖಲಾಗಿತ್ತು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಈ ಡ್ರೈವರನ್ನು ತಡೆಯತೊಡಗಿತು. ಇಷ್ಟು ತಡವೇಕೆ? ಹೊಸ ಡ್ರೈವರ್‌ಗೆ ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಬೇಕು. ಅದಕ್ಕೆ ತಗಲುವ ಖರ್ಚು, ಓಡಾಟ ಸಂಬಳವಿಲ್ಲದೆ ದುಡಿಯುವವರಿಗೆ ಭಾರ. ಕೋಡ್ ಮುಕ್ತವಾಗಿದ್ದರೆ ತಪ್ಪು ಕಣ್ಣಿಗೆ ಬೀಳುತ್ತದೆ. ತಿದ್ದಲು ಸಮಯ, ಹಣ ಎರಡೂ ಬೇಕು. ಮುಂದೆ ಲಿಬ್ರೆ ಹಾರ್ಡ್‌ವೇರ್ ಮಾನಿಟರ್ 'ಪಾನ್‌ಐಒ' ಎಂಬ ಬೇರೆ ಡ್ರೈವರ್‌ಗೆ ಬದಲಾಯಿತು.

ನೀವೇನು ಮಾಡಬೇಕು?

• ಎಚ್ಚರಿಕೆ ಬಂತೆಂದು ಆಂಟಿವೈರಸ್ ಆಫ್ ಮಾಡಬೇಡಿ.
• ಹಳೆಯ ಆವೃತ್ತಿ ತೆಗೆದುಹಾಕಿ. ಹೊಸದನ್ನು ತಯಾರಕರ ಅಧಿಕೃತ ಪುಟದಿಂದಲೇ ಪಡೆಯಿರಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್‌ನಿಂದಲ್ಲ.
• ಬಿಸಿ ಹೆಚ್ಚಿದ್ದರೆ ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನಿನ ಧೂಳು ತೆಗೆಸಿ.
• 'ಎಲ್ಲವೂ ವೈರಸ್' ಎನ್ನುವ ಸಂದೇಶವನ್ನು ಮುಂದೆ ಕಳಿಸಬೇಡಿ. 'ಹಳೆಯದನ್ನು ತೆಗೆಯಿರಿ, ಹೊಸದನ್ನು ಹಾಕಿ' ಎಂದು ತಿಳಿಸಿ.